ಮುಗಿಯದ ಕೆಲಸ ಇದೆ, ಮುಟ್ಟಲಿಲ್ಲ

ನಮ್ಮ ಊರಿನಲ್ಲಿ ಮುನ್ನೂರ ಹನ್ನೆರಡು ಮನೆಗಳಿದ್ದವು. ಕಚೇರಿಯ ಕಂಪ್ಯೂಟರಿನಲ್ಲಿ ಒಂದೊಂದು ಮನೆಗೂ ಒಂದೊಂದು ಭಂಡಾರ. ಭಂಡಾರದಲ್ಲಿ ಏನು ಬರೆದಿದೆಯೋ ಮನೆ ಹಾಗಿರುತ್ತದೆ. ನಲ್ಲಿ ಹಿತ್ತಲಲ್ಲಿ ಎಂದು ಬರೆದರೆ ಹಿತ್ತಲಲ್ಲಿ, ಬಾಗಿಲಿಗೆ ಹಸಿರು ಬಣ್ಣ ಎಂದರೆ ಹಸಿರು ಬಣ್ಣ. ಬೇರೆ ಊರಿನವರು ಇದನ್ನು ಕೇಳಿ ಬಾಯಿ ಬಾಯಿ ಬಿಡುತ್ತಾರೆ. ನಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ನಮ್ಮ ತಲೆನೋವೇ ಬೇರೆ. ಅಷ್ಟೂ ಮನೆಗೆ ಒಂದೇ ದಿನ ಒಂದೇ ಕೆಲಸ ಆಗಬೇಕು, ಅದು ಹೇಗೆ ಅನ್ನುವುದು.

ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದ ಕೊಟ್ರಬಸಪ್ಪನವರು ಒಂದೊಂದೇ ಭಂಡಾರದೊಳಗೆ ಹೋಗಿ, ಬರೆದು, ಹೊರಬಂದು, ಮುಂದಿನದಕ್ಕೆ ಹೋಗುತ್ತಿದ್ದರು. ನೀರು ಬಿಡುವ ಹೊತ್ತನ್ನು ಆರರಿಂದ ಏಳಕ್ಕೆ ಬದಲಾಯಿಸಲು ಸೋಮವಾರ ಕೂತರೆ ಗುರುವಾರ ಏಳುತ್ತಿದ್ದರು. ಅಷ್ಟು ದಿನವೂ ಮೇಲಿನ ಬೀದಿಗೆ ಒಂದು ಹೊತ್ತು, ಕೆಳಗಿನ ಬೀದಿಗೆ ಇನ್ನೊಂದು ಹೊತ್ತು ನೀರು ಬಂದು, ಕೊಡ ಹಿಡಿದ ಹೆಂಗಸರು ಅವರ ವಂಶವನ್ನೆಲ್ಲ ಜಾಲಾಡುತ್ತಿದ್ದರು. ಅವರು ನಿವೃತ್ತರಾದ ವರ್ಷವೇ ಡಂಗುರ ಬಂತು. ಡಂಗುರ ಅಂದರೆ ತಮಟೆ ಬಡಿಯುವುದಲ್ಲ, ಕಂಪ್ಯೂಟರಿನೊಳಗಿನ ಒಂದು ಉಪಕರಣದ ಹೆಸರು. ಕಪ್ಪು ಪರದೆಯ ಮೇಲೆ ಒಂದು ಸಾಲು ಟೈಪು ಮಾಡಿ ಎಂಟರ್ ಒತ್ತಿದರೆ ಪಟ್ಟಿಯಲ್ಲಿರುವ ಎಲ್ಲ ಮನೆಗೂ ಅದೇ ಹುಕುಂ ಹೋಗುತ್ತದೆ. ಒಂದೊಂದೇ ಮನೆಯ ಹೆಸರು ಬಂದು, ಅದರ ಮುಂದೆ ಹಸಿರು ಅಕ್ಷರದಲ್ಲಿ ‘ಆಯಿತು’ ಎಂದು ಬೀಳುತ್ತದೆ. ಗುಂಡಿಯಿಲ್ಲ, ಚಿತ್ರವಿಲ್ಲ, ಬರಿಯ ಅಕ್ಷರ. ಅದನ್ನು ನಡೆಸುವವನು ಗುರುಶಾಂತ, ಅಂದರೆ ನಾನು. ನಲವತ್ತಮೂರು ವರ್ಷ, ಮದುವೆಯಿಲ್ಲ. ಹೆಣ್ಣು ಕೊಡಲು ಬಂದವರಿಗೆ ಊರಿಗೆಲ್ಲ ಒಂದೇ ಸಲ ಹೇಳುವ ಕೆಲಸ ನನ್ನದು ಎಂದರೆ, ಹಾಗಾದರೆ ಮನೆಯಲ್ಲಿ ನೀವು ಯಾರ ಮಾತು ಕೇಳುತ್ತೀರಿ ಎಂದು ನಕ್ಕು, ಕಾಫಿ ಕುಡಿದು ಹೋದರು.

ನಮ್ಮಲ್ಲಿ ದಿನ ತಾನಾಗಿ ಮುಗಿಯುವುದಿಲ್ಲ, ಮುದ್ರೆ ಒತ್ತಬೇಕು. ಪ್ರತಿ ಮನೆಯ ಪಡಸಾಲೆಯ ಗೋಡೆಯಲ್ಲಿ ಅಂಗೈಯಗಲದ ಪರದೆಯಿದೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಯವರಲ್ಲಿ ಒಬ್ಬರು ಅದರಲ್ಲಿ ಆ ದಿನದ ಬಗ್ಗೆ ಒಂದು ಸಾಲು ಬರೆದು ಮುದ್ರೆ ಒತ್ತುತ್ತಾರೆ. ಉಪ್ಪಿನಕಾಯಿ ಹಾಕಿದೆವು, ಸೊಸೆ ಮಾತು ಬಿಟ್ಟಿದ್ದಾಳೆ. ನೆಂಟರು ಹೊರಟರು, ಸದ್ಯ. ಹೀಗೆ. ಒತ್ತಿದರೆ ಆ ದಿನ ಕಳೆದು ಮನೆ ಊರಿನ ದಿನಕ್ಕೆ ಬಂದು ಸೇರುತ್ತದೆ. ಒತ್ತದಿದ್ದರೆ ಮನೆಯೊಳಗೆ ಅದೇ ದಿನ ಇರುತ್ತದೆ, ಹೊರಗೆ ಬೀದಿಯಲ್ಲಿ ಎಷ್ಟು ದಿನ ಹೋದರೂ ಸರಿ. ಮಗಳ ಮದುವೆಯ ದಿನವನ್ನು ನಾಲ್ಕು ದಿನ ಹಾಗೇ ಇಟ್ಟುಕೊಂಡವರಿದ್ದಾರೆ. ಐದನೆಯ ದಿನ ಮತ್ತದೇ ಲಾಡು ತಿನ್ನಲಾರದೆ ತಾವೇ ಒತ್ತಿದರು. ಅದಕ್ಕಿಂತ ಹೆಚ್ಚು ಯಾರೂ ಇಟ್ಟುಕೊಂಡಿರಲಿಲ್ಲ, ನನ್ನ ಅತ್ತಿಗೆ ದಾಕ್ಷಾಯಣಿಯವರ ತನಕ.

ನನ್ನ ಅಣ್ಣ ರುದ್ರಮುನಿ ಒಂದು ಶುಕ್ರವಾರ ಬೆಳಿಗ್ಗೆ ಸ್ನಾನ ಮಾಡಿ, ಟವೆಲ್ಲನ್ನು ಹಿತ್ತಲ ತಂತಿಗೆ ಹಾಕಿ, ತಿಂಡಿಗೆ ಕೂತಿದ್ದ. ಎರಡು ರೊಟ್ಟಿ ತಿಂದು ಮೂರನೆಯದು ಅರ್ಧ ಆಗಿತ್ತು. ಕೆರೆಯ ತೂಬು ಕಚ್ಚಿಕೊಂಡಿದೆ, ಬಾ ಎಂದು ಯಾರೋ ಕೂಗಿದರು. ಬಂದು ತಿನ್ನುತ್ತೇನೆ ಎಂದು ತಟ್ಟೆ ಬಿಟ್ಟು ಎದ್ದ. ತೂಬು ಬಿಟ್ಟುಕೊಂಡಿತು, ಇಳಿದವನು ಮೇಲೆ ಬರಲಿಲ್ಲ. ಮೂರನೆಯ ದಿನ ಸಿಕ್ಕಿದ. ಮಣ್ಣು ಮಾಡಿ ಬಂದೆವು. ಆ ಗಲಾಟೆಯಲ್ಲಿ ಮುದ್ರೆ ಒತ್ತುವುದು ಯಾರಿಗೂ ನೆನಪಾಗಿರಲಿಲ್ಲ. ಎಲ್ಲರನ್ನೂ ಕಳಿಸಿ ಮನೆಯೊಳಗೆ ಹೋದ ಅತ್ತಿಗೆ ಹಿತ್ತಲ ಬಾಗಿಲಲ್ಲಿ ನಿಂತುಬಿಟ್ಟರು.

“ಶಾಂತೂ, ಟವೆಲ್ಲು ಇನ್ನೂ ತೊಟ್ಟಿಕ್ತಾ ಇದೆ ಕಣೋ” ಅಂದರು.

ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಸಿಯಾಗಿತ್ತು. ಒಲೆಯ ಮೇಲೆ ಪಡವಲಕಾಯಿ ಹುಳಿ ಕುದಿಯುತ್ತಿತ್ತು. ಬಚ್ಚಲಲ್ಲಿ ಅವನ ಸೋಪಿನ ವಾಸನೆ ಇನ್ನೂ ಆಡುತ್ತಿತ್ತು. ಅತ್ತಿಗೆ ಆ ಸಂಜೆ ಮುದ್ರೆ ಒತ್ತಲಿಲ್ಲ. ಮಾರನೆಯ ಸಂಜೆಯೂ ಒತ್ತಲಿಲ್ಲ. ನಾನೂ ಒತ್ತಿ ಅನ್ನಲಿಲ್ಲ. ಅವನು ಈಗಷ್ಟೇ ಎದ್ದು ಹೋದ ಮನೆ ಅದು, ಅದನ್ನು ಕಳೆದುಬಿಡಿ ಎಂದು ಯಾವ ಬಾಯಲ್ಲಿ ಹೇಳಲಿ.

ಹಾಗೆ ಶುರುವಾದದ್ದು ತಿಂಗಳುಗಟ್ಟಲೆ ನಡೆಯಿತು. ಅತ್ತಿಗೆ ಹೊರಗೆ ಬಂದರೆ ಬೀದಿಯಲ್ಲಿ ಶ್ರಾವಣವೋ ಕಾರ್ತಿಕವೋ, ಒಳಗೆ ಹೋದರೆ ಅದೇ ಶುಕ್ರವಾರ ಬೆಳಿಗ್ಗೆ. ನಾನು ಭಾನುವಾರ ಊಟಕ್ಕೆ ಹೋಗುತ್ತಿದ್ದೆ. ತುಂಬಿದ ಪಾತ್ರೆಯಿಂದ ಎಷ್ಟು ಬಡಿಸಿದರೂ ಹುಳಿ ಅಷ್ಟೇ ಇರುತ್ತಿತ್ತು. ಅತ್ತಿಗೆಯ ಕೈಯಡುಗೆಗೆ ಹೆಸರಿಡುವಂತಿಲ್ಲ, ಆದರೆ ವಾರ ವಾರವೂ ಅದೇ ಪಡವಲಕಾಯಿ ತಿಂದವನ ನಾಲಿಗೆಯನ್ನು ಕೇಳಬೇಕು. ನಾನು ಚೆನ್ನಾಗಿದೆ ಅನ್ನುತ್ತಿದ್ದೆ. ಅವರು ಸುಳ್ಳು ಹೇಳ್ತೀಯ ಎಂದು ನಗುತ್ತಿದ್ದರು. ಅರ್ಧ ರೊಟ್ಟಿಯ ತಟ್ಟೆ ಅಣ್ಣ ಕೂತಿದ್ದ ಜಾಗದಲ್ಲೇ ಇರುತ್ತಿತ್ತು, ಅದನ್ನು ಮುಟ್ಟದೆ ಸುತ್ತು ಬಳಸಿ ನಾವಿಬ್ಬರೂ ಓಡಾಡುತ್ತಿದ್ದೆವು.

ತೊಂದರೆ ಬಂದದ್ದು ಡಂಗುರದಿಂದ. ಅದು ಪಟ್ಟಿಯ ಮೇಲಿನಿಂದ ಕೆಳಕ್ಕೆ ಮನೆ ಮನೆಗೆ ಹೋಗುತ್ತದೆ. ನಡೆಯುತ್ತಿರುವ ದಿನ ಹೇಗಿದ್ದರೂ ಅದಕ್ಕೆ ಚಿಂತೆಯಿಲ್ಲ, ಹಿಂದಿನ ದಿನಗಳಿಗೆ ಮುದ್ರೆ ಬಿದ್ದಿರಬೇಕು ಅಷ್ಟೆ. ಬೀಳದ ಮನೆ ಸಿಕ್ಕಿದರೆ ಅಲ್ಲೇ ನಿಂತುಬಿಡುತ್ತದೆ. ಗಾಣಿಗರ ಬೀದಿಯ ಅತ್ತಿಗೆಯ ಮನೆ ಪಟ್ಟಿಯಲ್ಲಿ ನಲವತ್ತೊಂದನೆಯದು. ನಲವತ್ತು ಮನೆಗೆ ಆಯಿತು, ಆಯಿತು ಎಂದು ಓಡಿದ ಪರದೆ ಅಲ್ಲಿ ಕೆಂಪಾಗಿ ನಿಲ್ಲುತ್ತಿತ್ತು. ಆ ಮನೆಯನ್ನು ಹಾರಿಸು ಎಂದು ಇನ್ನೊಂದು ಸಾಲು ಹಾಕಿ ಮುಂದಕ್ಕೆ ತಳ್ಳುತ್ತಿದ್ದೆ. ನಮ್ಮ ಮೇಲಧಿಕಾರಿ ಹಾಲಪ್ಪನವರು ಮೊದಮೊದಲು ಪಾಪ ಎಂದು ಸುಮ್ಮನಿದ್ದರು. ಆದರೆ ಹತ್ತು ತಿಂಗಳಾದ ಮೇಲೆ ಗುಡ್ಡದ ಹೊಸ ಕೊಳಾಯಿಯ ಕೆಲಸ ಬಂತು. ಪಟ್ಟಿಯಲ್ಲಿರುವ ಒಂದು ಮನೆ ತಪ್ಪಿದರೂ ಯಾವ ಮನೆಗೂ ನೀರು ಏರುವುದಿಲ್ಲ ಎಂದು ಗೊತ್ತಾಯಿತು.

“ಬಲವಂತ ಅಂತ ಒಂದು ಪದ ಸೇರ್ಸಿದ್ರೆ ಅದೇ ಮುದ್ರೆ ಒತ್ಕೊಂಡು ಮುಂದಕ್ಕೆ ಹೋಗುತ್ತಂತಲ್ಲ” ಅಂದರು ಹಾಲಪ್ಪನವರು. “ಸೋಮವಾರ ಹಾಕಿಬಿಡಿ. ಊರೆಲ್ಲ ಒಂದು ತಟ್ಟೆ ರೊಟ್ಟಿಗೋಸ್ಕರ ಕಾಯಕ್ಕಾಗುತ್ತೇನ್ರೀ?”

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅದೇ ನನಗೆ ಸಿಟ್ಟು ತರಿಸಿದ್ದು. ಸುದ್ದಿ ಹೇಗೋ ಅತ್ತಿಗೆಯ ಕಿವಿಗೆ ಬಿತ್ತು. ಶನಿವಾರ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತರು. ಹಾಲಪ್ಪನವರು ಊಟಕ್ಕೆ ಹೋಗಿದ್ದರು.

“ನಾನೇ ಒತ್ತೋದು ಬೇರೆ, ಶಾಂತು. ಯಾವತ್ತಾದ್ರೂ ಒತ್ತುತೀನೋ ಏನೋ” ಅಂದರು. “ಆದ್ರೆ ನಾನು ಸಂತೆಗೆ ಹೋಗಿದ್ದಾಗ, ಮಲಗಿದ್ದಾಗ, ನೀನು ಇಲ್ಲಿ ಕೂತ್ಕೊಂಡು ಒತ್ತಿಬಿಟ್ರೆ? ಬಂದು ನೋಡ್ದಾಗ ಟವೆಲ್ಲು ಒಣಗಿ ಕಡ್ಡಿಯಾಗಿದ್ರೆ?”

“ಒತ್ತಲ್ಲ ಅತ್ತಿಗೆ.”

“ಅವ್ರು ಒತ್ತಿಸ್ತಾರಂತಲ್ಲ.”

“ಒತ್ತಲ್ಲ ಅಂದ್ನಲ್ಲ. ನೀವು ಮನೆಗೆ ಹೋಗಿ.”

ಅವರು ಹೋದ ಮೇಲೆ ಪಟ್ಟಿಯನ್ನು ತೆರೆದೆ. ಪಟ್ಟಿಯೆಂದರೆ ಸಾಲಿಗೊಂದು ಮನೆ, ಬೇರೇನೂ ಇಲ್ಲ. ನಲವತ್ತೊಂದನೆಯ ಸಾಲನ್ನು ಅಳಿಸಿದೆ. ಪಟ್ಟಿಯಲ್ಲಿ ಇಲ್ಲದ ಮನೆಗೆ ಡಂಗುರ ಹೋಗುವುದಿಲ್ಲ, ಕೊಳಾಯಿ ಹೋಗುವುದಿಲ್ಲ, ಬಲವಂತವೂ ಹೋಗುವುದಿಲ್ಲ. ಅತ್ತಿಗೆಗೆ ಅದರಿಂದ ಏನೂ ಕೊರತೆಯಾಗುವಂತಿರಲಿಲ್ಲ, ಆ ಶುಕ್ರವಾರ ಹಂಡೆ ತುಂಬ ನೀರಿತ್ತು, ಬೆಳಕಿತ್ತು. ಸೋಮವಾರ ಮುನ್ನೂರ ಹನ್ನೊಂದು ಮನೆಗೂ ಹಸಿರು ಬಿತ್ತು, ನೀರು ಏರಿತು, ಹಾಲಪ್ಪನವರು ಸಂಖ್ಯೆಯನ್ನು ನೋಡದೆ ಬಣ್ಣವನ್ನಷ್ಟೇ ನೋಡಿ ಬೆನ್ನು ತಟ್ಟಿದರು. ನಾನು ಎಷ್ಟು ಜಾಣ ಎಂದು ನನಗೇ ಅನ್ನಿಸಿತು.

ಒಂದು ತೊಡಕು ಮಾತ್ರ ಇತ್ತು. ಪ್ರತಿ ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಗುಡಿಸುವ ಹುಕುಂ ಹಾಕಬೇಕು. ಊರು ಬಿಟ್ಟು ಹೋದವರ ಮನೆ, ವಾರಸುದಾರರಿಲ್ಲದ ಮನೆ, ಇವನ್ನೆಲ್ಲ ಪಟ್ಟಿಯಿಂದ ಮೊದಲೇ ತೆಗೆದಿರುತ್ತೇವೆ. ಗುಡಿಸು ಎಂದರೆ ಡಂಗುರ ಊರನ್ನೆಲ್ಲ ಒಂದು ಸುತ್ತು ಹಾಕಿ, ಪಟ್ಟಿಯಲ್ಲಿ ಹೆಸರಿಲ್ಲದ ಮನೆಯನ್ನು ನೆಲದಿಂದ ಎತ್ತಿಬಿಡುತ್ತದೆ, ಭಂಡಾರ ಸಮೇತ, ಒಳಗಿದ್ದದ್ದೆಲ್ಲ ಸಮೇತ. ಆದರೆ ಅದಕ್ಕೂ ಒಂದು ಮರ್ಯಾದೆಯಿದೆ. ಮುದ್ರೆ ಬೀಳದ ಹಳೆಯ ದಿನ ಒಳಗಿದ್ದರೆ ಆ ಮನೆಯನ್ನು ಅದು ಎತ್ತುವುದಿಲ್ಲ. ಪಟ್ಟಿಯಿಂದ ತೆಗೆದ ಮೊದಲ ಬುಧವಾರ ಅದನ್ನೇ ನಂಬಿ ಎಂಟರ್ ಒತ್ತಿದ್ದೆ. ಪರದೆಯ ಮೇಲೆ ಬಂತು: ‘ಗಾಣಿಗರ ಬೀದಿ, ದಾಕ್ಷಾಯಣಿ. ಮುಗಿಯದ ಕೆಲಸ ಇದೆ, ಮುಟ್ಟಲಿಲ್ಲ.’ ಉಸಿರು ಬಿಟ್ಟೆ. ಆಮೇಲೆ ಪ್ರತಿ ಬುಧವಾರವೂ ಅದೇ ಸಾಲು ಬರುತ್ತಿತ್ತು. ಅದು ಬಂದ ಮೇಲೆಯೇ ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ.

ಇದನ್ನು ಅತ್ತಿಗೆಗೆ ಹೇಳಲಿಲ್ಲ. ಇನ್ನು ನಿಮ್ಮನ್ನು ಯಾರೂ ಕೇಳುವುದಿಲ್ಲ, ನೆಮ್ಮದಿಯಾಗಿರಿ ಎಂದಷ್ಟೇ ಹೇಳಿದೆ. ಯಾಕೆ ಹೇಳಲಿಲ್ಲ ಎಂದು ಈಗ ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಅವರು ಬೀದಿಯಲ್ಲಿ ಬಾಯಿ ಬಿಟ್ಟರೆ ಹಾಲಪ್ಪನವರಿಗೆ ಗೊತ್ತಾಗುತ್ತದೆ ಎಂಬ ಪುಕ್ಕಲುತನ ಒಂದು. ದುಃಖದಲ್ಲಿರುವವರ ತಲೆಗೆ ಭಯವನ್ನೂ ಯಾಕೆ ತುಂಬುವುದು ಎಂಬ ದೊಡ್ಡತನ ಇನ್ನೊಂದು. ಎಲ್ಲಕ್ಕಿಂತ ಮುಖ್ಯವಾಗಿ, ಅವರು ಒತ್ತುವುದೇ ಇಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಒತ್ತುತ್ತೇನೆ ಎಂದು ಒಂದು ಮಾತು ಬಂದರೆ ಸಾಕು, ಪಟ್ಟಿಗೆ ಆ ಸಾಲನ್ನು ಮತ್ತೆ ಸೇರಿಸಲು ಅರ್ಧ ನಿಮಿಷ ಬೇಡ.

ಎರಡನೆಯ ವರ್ಷದ ಚಳಿಗಾಲ. ಒಂದು ಭಾನುವಾರ ಬಡಿಸುತ್ತಾ ಬಡಿಸುತ್ತಾ ಅತ್ತಿಗೆ ಕೈ ನಿಲ್ಲಿಸಿದರು.

“ಹೊರಗೆ ಅವರೆಕಾಯಿ ಬಂದಿರ್ಬೇಕಲ್ವಾ ಶಾಂತು?”

“ಬಂದಿದೆ ಅತ್ತಿಗೆ. ಮಾರ್ಕೆಟ್ಟಲ್ಲಿ ಗುಡ್ಡೆ ಗುಡ್ಡೆ ಹಾಕವ್ರೆ.”

“ನಿಮ್ಮಣ್ಣಂಗೆ ಅವರೆಕಾಯಿ ಅಂದ್ರೆ ಆಗ್ತಿರ್ಲಿಲ್ಲ. ಹೊಟ್ಟೆ ಉಬ್ಬರ ಅನ್ನೋರು. ನಂಗೆ ಇಷ್ಟ.” ಅರ್ಧ ರೊಟ್ಟಿಯ ತಟ್ಟೆಯ ಕಡೆ ನೋಡಿದರು. “ಒತ್ತಿದ್ರೆ ರೊಟ್ಟೀನೂ ಹೋಗಿಬಿಡುತ್ತಾ?”

“ಹೋಗುತ್ತೆ” ಅಂದೆ. “ಅದನ್ನೆಲ್ಲ ಯಾಕೆ ಯೋಚ್ನೆ ಮಾಡ್ತೀರಿ. ನಿಮ್ಮನ್ನ ಒತ್ತಿ ಅನ್ನೋರು ಯಾರೂ ಇಲ್ಲ.”

ಆಗ ಹೇಳಬಹುದಿತ್ತು. ಬಾಯಲ್ಲಿ ತುತ್ತಿತ್ತು, ನುಂಗಿದೆ, ಹೇಳಲಿಲ್ಲ. ಸುಮ್ಮನೆ ಮಾತಿಗೆ ಕೇಳಿದ್ದಾರೆ ಅಂದುಕೊಂಡೆ.

ಮೂರು ದಿನ ಕಳೆದು ಬುಧವಾರ. ಅಂದು ಬೇರೆ ಊರಿನಿಂದ ನಾಲ್ಕು ಜನ ಡಂಗುರ ನೋಡಲು ಬಂದಿದ್ದರು. ಇಷ್ಟೊಂದು ಭಂಡಾರಗಳನ್ನು ಒಬ್ಬನೇ ಹೇಗೆ ಸಂಭಾಳಿಸುತ್ತಾನೆ ಎಂದು ಅವರಿಗೆ ಕುತೂಹಲ. ಹಾಲಪ್ಪನವರು ಹೊಸ ಶರ್ಟು ಹಾಕಿಕೊಂಡು ಬಂದಿದ್ದರು. ಬಂದವರನ್ನು ನನ್ನ ಹಿಂದೆ ಸಾಲಾಗಿ ಕುರ್ಚಿ ಹಾಕಿ ಕೂರಿಸಿದರು. ನಾನೂ ಉಬ್ಬಿದ್ದೆ, ಸುಳ್ಳು ಯಾಕೆ ಹೇಳಲಿ. ನೀರಿನ ಹೊತ್ತು ತೋರಿಸಿದೆ, ಬೀದಿ ದೀಪ ತೋರಿಸಿದೆ. ಹನ್ನೆರಡಾಯಿತು.

“ಈಗ ಗುಡಿಸೋದು ನೋಡಿ” ಅಂದೆ. “ಕೊಟ್ರಬಸಪ್ಪನವರ ಕಾಲದಲ್ಲಿ ಒಂದು ಮನೆ ಎತ್ತಕ್ಕೆ ಒಂದು ದಿನ ಬೇಕಿತ್ತು.”

ಎತ್ತುವ ಮೊದಲು ಡಂಗುರ ಆ ಮನೆಯ ಹೆಸರು ತೋರಿಸಿ, ಹೌದೋ ಬೇಡವೋ ಎಂದು ಕೇಳುತ್ತದೆ. ಬಂದವರ ಮುಂದೆ ಅದು ಅಪ್ಪಿತಪ್ಪಿ ನಿಂತು ಕೇಳಿದರೆ ಚೆನ್ನಾಗಿರುವುದಿಲ್ಲ ಅನ್ನಿಸಿತು. ಸಾಲಿನ ಕೊನೆಗೆ ‘ಕೇಳಬೇಡ’ ಎಂದು ಸೇರಿಸಿದೆ. ಎಂಟರ್ ಒತ್ತಿದೆ. ಹೆಸರುಗಳು ಸರಸರನೆ ಓಡಿದವು. ಕೊನೆಯಲ್ಲಿ ನಿಂತ ಸಾಲು ಹೀಗಿತ್ತು: ‘ಮುನ್ನೂರ ಹನ್ನೊಂದು ಮನೆ ಸರಿಯಾಗಿವೆ. ಒಂದು ಮನೆ ಎತ್ತಲಾಗಿದೆ.’ ಹಿಂದೆ ಕೂತವರು ಚಪ್ಪಾಳೆ ತಟ್ಟಿದರು.

ಆ ವಾರ ಎತ್ತಬೇಕಾದ ಮನೆ ಯಾವುದೂ ಇರಲಿಲ್ಲ. ಪರದೆಯನ್ನು ಮೇಲಕ್ಕೆ ಸರಿಸಿ ನನ್ನ ಸಾಲನ್ನು ಹುಡುಕಿದೆ. ಮುಗಿಯದ ಕೆಲಸ ಇದೆ ಅನ್ನುವ ಸಾಲು ಎಲ್ಲೂ ಇರಲಿಲ್ಲ. ಎದ್ದು ಓಡಿದೆ. ಹಾಲಪ್ಪನವರು ಏನ್ರೀ, ಏನ್ರೀ ಎಂದು ಕೂಗುತ್ತಿದ್ದುದು ಕೇಳಿಸಿತು.

ಗಾಣಿಗರ ಬೀದಿಯಲ್ಲಿ ಅತ್ತಿಗೆಯ ನೆರೆಯ ಮರುಳಮ್ಮನ ಮನೆಗೂ ಅದರಾಚೆಯ ಮನೆಗೂ ನಡುವೆ ಖಾಲಿ ನೆಲವಿತ್ತು. ತಳಪಾಯದ ಕಲ್ಲೂ ಇಲ್ಲ, ಬಾಗಿಲ ಮುಂದಿನ ಮೆಟ್ಟಿಲೂ ಇಲ್ಲ. ಡಂಗುರ ಅಷ್ಟು ಚೊಕ್ಕಟವಾಗಿ ಕೆಲಸ ಮಾಡುತ್ತದೆ. ಮರುಳಮ್ಮ ತನ್ನ ಜಗಲಿಯ ಮೇಲೆ ಮೊರ ಹಿಡಿದು ಕೂತಿದ್ದವಳು ಹಾಗೇ ಕೂತಿದ್ದಳು.

“ಒಳಗೇ ಇದ್ಳು ಕಣಪ್ಪ” ಅಂದಳು. “ನಿನ್ನೆ ದೀಪ ಹಚ್ಚೋ ಹೊತ್ತಲ್ಲಿ ಒತ್ತಿದ್ಳಂತೆ. ಬೆಳಿಗ್ಗೆ ಎದ್ದು ಬಾಗ್ಲು ತೊಳ್ದು ರಂಗೋಲಿ ಹಾಕಿದ್ಳು, ಎರಡು ವರ್ಷದ ಮೇಲೆ. ನನ್ನ ಹತ್ರ ಎರಡು ಬೊಗ್ಸೆ ಅವರೆಕಾಳು ಇಸ್ಕೊಂಡ್ಳು. ಅತ್ತಿದ್ದು ಕಾಣ್ತಿತ್ತು, ಆದ್ರೆ ನಗ್ತಾನೂ ಇದ್ಳು. ಹುಳಿ ಮಾಡಿ ಮಧ್ಯಾಹ್ನ ಕಚೇರಿಗೇ ತಗೊಂಡು ಹೋಗಿ ಶಾಂತೂಗೆ ಹೇಳ್ತೀನಿ, ಪಾಪ ಆ ಹುಡುಗ ಬೇರೆ ಹುಳಿ ತಿಂದು ಎಷ್ಟು ದಿನ ಆಯ್ತೋ ಅಂದ್ಳು.”

“ಬೆಳಿಗ್ಗೇನೇ ಬಂದು ಹೇಳ್ಬಾರ್ದಾಗಿತ್ತಾ?” ಅಂದೆ. ಯಾರ ಮೇಲೆ ರೇಗುತ್ತಿದ್ದೇನೆ ಎಂದು ನನಗೇ ಗೊತ್ತಿರಲಿಲ್ಲ.

“ಬರೀ ಕೈಯಲ್ಲಿ ಹೆಂಗೆ ಹೋಗ್ಲಿ ಅಂದ್ಳಪ್ಪ” ಅಂದಳು ಮರುಳಮ್ಮ.

ಪಟ್ಟಿಯಲ್ಲಿದ್ದ ಮನೆಯಾಗಿದ್ದರೆ ಮುದ್ರೆ ಬಿದ್ದ ಸುದ್ದಿ ಬೆಳಿಗ್ಗೆ ನಾನು ಕುರ್ಚಿಗೆ ಬಂದು ಕೂತ ಕೂಡಲೇ ಪರದೆಯ ಮೇಲೆ ಇರುತ್ತಿತ್ತು. ಪಟ್ಟಿಯಿಂದ ತೆಗೆದವನು ನಾನು. ಅವರನ್ನು ಕಾಯುತ್ತಿದ್ದದ್ದು ಆ ಶುಕ್ರವಾರ ಒಂದೇ, ಅದನ್ನು ಬಿಟ್ಟುಕೊಡುವಷ್ಟು ಧೈರ್ಯ ಅವರಿಗೆ ಬಂದ ಮಾರನೆಯ ದಿನವೇ ಅವರ ಮೇಲೆ ಗುಡಿಸುವ ಸಾಲನ್ನು ಬಿಟ್ಟೆ. ಕೇಳಲು ಬಂದ ಡಂಗುರದ ಬಾಯನ್ನೂ ನಾನೇ ಮುಚ್ಚಿದೆ.

ಕಚೇರಿಗೆ ವಾಪಸು ಬಂದಾಗ ಬೇರೆ ಊರಿನವರು ಹೋಗಿದ್ದರು. ಪಟ್ಟಿಯನ್ನು ತೆರೆದು ನಲವತ್ತೊಂದನೆಯ ಸಾಲಿನಲ್ಲಿ ಅವರ ಹೆಸರು ಬರೆದೆ. ಮನೆಯನ್ನು ತಾ ಎಂದು ಹುಕುಂ ಹಾಕಿದೆ. ಇಂಥ ಭಂಡಾರ ಇಲ್ಲ ಎಂದು ಬಂತು. ಅಕ್ಷರ ತಪ್ಪಿರಬೇಕೆಂದು ಮತ್ತೆ ಮತ್ತೆ ಬರೆದೆ. ಇಪ್ಪತ್ತು ಸಲ ಬರೆದಿರಬೇಕು. ಹಾಲಪ್ಪನವರು ಬಂದು ಹಿಂದೆ ನಿಂತರು. ಅವರಿಗೆ ಎಲ್ಲ ಅರ್ಥವಾಗಿತ್ತು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. “ಬಿಡಿ ಗುರುಶಾಂತ, ಅದು ವಾಪಸ್ ಕೊಡಲ್ಲ” ಎಂದು ನನ್ನ ಕೈಯನ್ನು ಕೀಲಿಮಣೆಯ ಮೇಲಿಂದ ಎತ್ತಿ ಪಕ್ಕಕ್ಕಿಟ್ಟರು.

ಎತ್ತಿದ ಮನೆಗಳ ಬಗ್ಗೆ ಡಂಗುರ ಒಂದೇ ಒಂದನ್ನು ಉಳಿಸಿಕೊಳ್ಳುತ್ತದೆ, ಕೊನೆಯ ಮುದ್ರೆಯ ಸಾಲು. ಅದನ್ನು ತೆಗೆದು ಓದಿದೆ. ಅತ್ತಿಗೆ ಬರೆದಿದ್ದರು: ‘ಶುಕ್ರವಾರ. ಇವರು ತೂಬು ಬಿಡಿಸಲು ಹೋದರು. ಬರಲಿಲ್ಲ.’

ಸಂಜೆ ಮನೆಗೆ ಬಂದು ದೀಪ ಹಚ್ಚಿದೆ. ಪಡಸಾಲೆಯ ಪರದೆಯ ಮುಂದೆ ನಿಂತೆ. ಒತ್ತಬಾರದು, ಈ ಬುಧವಾರವನ್ನು ಹೀಗೇ ಇಟ್ಟುಕೊಳ್ಳಬೇಕು ಎಂದು ಮೊದಲು ಅನ್ನಿಸಿತು. ಸುತ್ತ ನೋಡಿದೆ. ನನ್ನ ಚಾಪೆ, ನನ್ನ ಡಬ್ಬಿ, ನನ್ನ ಅಂಗಿ. ಊಟಕ್ಕೆ ಯಾವಾಗಲೂ ನಾನೇ ಅಲ್ಲಿಗೆ ಹೋಗುತ್ತಿದ್ದೆ, ಅವರು ಇಲ್ಲಿಗೆ ಬಂದವರೇ ಅಲ್ಲ. ಈ ಮನೆಯಲ್ಲಿ ದಿನವನ್ನು ಹಿಡಿದಿಟ್ಟರೂ ಅದರೊಳಗೆ ಅತ್ತಿಗೆ ಇರುವುದಿಲ್ಲ. ಒಂದು ಸಾಲು ಬರೆದು ಅಳಿಸಿದೆ, ಇನ್ನೊಂದು ಬರೆದು ಅಳಿಸಿದೆ. ಕೊನೆಗೆ ‘ಬುಧವಾರ. ಗುಡಿಸಿದೆ’ ಎಂದು ಬರೆದು ಮುದ್ರೆ ಒತ್ತಿದೆ.